ಭರತಿ ಹೊತ್ತಿಗೆ ಹೋದರೆ ಹಕ್ಕಿ ಎಲ್ಲಿಂದ ಕಾಣಬೇಕು?

ಓದುಗರ ಪ್ರಶ್ನೆ, ಹಳೇ ಕಂಡಕ್ಟರ್ ಉತ್ತರ

ಡಿಸೆಂಬರ್ ಸಂಚಿಕೆಯಲ್ಲಿ ಗೋವಾದ ಚೋರಾವ್ ದ್ವೀಪದ ಪಕ್ಷಿಧಾಮದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸಬರಿಗೆ ಒಂದು ಮಾತು: ನಾನು ವಿಜ್ಞಾನಿ ಅಲ್ಲ. ಬೆಳಗಾವಿ–ಪಣಜಿ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದವನು. ಪಣಜಿಯಲ್ಲಿ ಹಾಲ್ಟ್ ಇದ್ದ ದಿನ ಡ್ರೈವರ್ ಸಾಹೇಬರು ಬಸ್ಸಿನಲ್ಲೇ ಕಾಲು ಚಾಚಿ ಮಲಗುತ್ತಿದ್ದರು. ನಾನು ಸ್ಟ್ಯಾಂಡ್ ಪಕ್ಕದ ಉಪ್ಪುನೀರಿನ ಹಳ್ಳದ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಂದ ಅಂಟಿದ ಚಟ ಇದು. ಈಗ ನಿವೃತ್ತಿ ಆಗಿದೆ, ಚಟ ಹೋಗಿಲ್ಲ.

ಪ್ರಶ್ನೆ: ಕಾಕಾ, ನಿಮ್ಮ ಮಾತು ನಂಬಿ ಎಳ್ಳ ಅಮಾವಾಸ್ಯೆ ಮರುದಿನ ಮನೆಮಂದಿ ಎಲ್ಲ ಕೂಡಿ ಚೋರಾವಕ್ಕೆ ಹೋಗಿದ್ದೆವು. ಮುಟ್ಟಿದಾಗ ಮಧ್ಯಾಹ್ನ 12. ಎರಡು ಬೆಳ್ಳಕ್ಕಿ, ಒಂದು ಕಾಗೆ, ಉಳಿದದ್ದೆಲ್ಲ ಬರೀ ನೀರು ಮತ್ತು ಗಿಡ. ಬಾಗಲಕೋಟೆಯಿಂದ ಅಷ್ಟು ದೂರ ಹೋಗಿ ಕಾಗೆ ನೋಡಿ ಬಂದಿರೇನು ಅಂತ ನಮ್ಮ ಮಾವನವರು ಇನ್ನೂ ನಗುತ್ತಾರೆ. ಅಲ್ಲಿ ನಿಜವಾಗಿಯೂ ಹಕ್ಕಿ ಇವೆಯಾ?
– ಶಾಲಾ ಶಿಕ್ಷಕರು, ಬಾಗಲಕೋಟೆ

ಉತ್ತರ: ಮಾಸ್ತರ್ರೇ, ಅರ್ಧ ತಪ್ಪು ನನ್ನದು. ಯಾವ ಬಸ್ಸು, ಎಲ್ಲಿ ಫೆರ್ರಿ ಅಂತ ಬರೆದೆ. ನೀರಿನ ಟೈಮ್ ಬರೆಯಲಿಲ್ಲ. ಟೈಮ್ ಟೇಬಲ್ ನೋಡದೆ ಸ್ಟ್ಯಾಂಡಿಗೆ ಬಂದು ಬಸ್ಸೇ ಇಲ್ಲ ಅಂತ ಜಗಳ ಮಾಡುವವರನ್ನು ಮೂವತ್ತು ವರ್ಷ ನೋಡಿದವನು ನಾನು. ನಿಮಗೆ ಅದೇ ಟೇಬಲ್ ಕೊಡುವುದನ್ನು ಮರೆತೆ.

ನಮ್ಮ ಕಡೆ ಕೆರೆಗೆ ಬೆಳಿಗ್ಗೆ ಆರಕ್ಕೆ ಹೋದರೆ ಸಾಕು, ಹಕ್ಕಿ ಇದ್ದೇ ಇರುತ್ತವೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಸೂರ್ಯನ ಜೊತೆ ಚಂದ್ರನನ್ನೂ ಕೇಳಬೇಕು. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಗೋವಾದವರು ಭರತಿ ಅನ್ನುತ್ತಾರೆ. ಒಂದು ಭರತಿಯಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ತಾಸು. ಹಾಗಾಗಿ ಇವತ್ತು 12ಕ್ಕೆ ಭರತಿ ಇದ್ದರೆ ನಾಳೆ 12.50ರ ಹತ್ತಿರ, ನಾಡಿದ್ದು ಒಂದೂ ನಲವತ್ತು. ದಿನಕ್ಕೆ ಐವತ್ತು ನಿಮಿಷ ಲೇಟಾಗಿ ಬಿಡುವ ಬಸ್ಸು ಅಂದುಕೊಳ್ಳಿ.

ಗೋವಾ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹಗಲಿನ ಭರತಿ ಮಧ್ಯಾಹ್ನದ ಹತ್ತಿರ ಬರುತ್ತದೆ. ಅಷ್ಟಮಿ ಹೊತ್ತಿಗೆ ಅದು ಸರಿದು ಸರಿದು ಸಂಜೆಗೆ ಹೋಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಲ್ಲಿ ಆಗ ಸುಮಾರು ಎರಡು ಮೀಟರ್ ವ್ಯತ್ಯಾಸ, ಅಂದರೆ ಒಬ್ಬ ಎತ್ತರದ ಮನುಷ್ಯ ಮುಳುಗುವಷ್ಟು. ಈಗ ನಿಮ್ಮ ಪ್ರವಾಸ ನೆನಪು ಮಾಡಿಕೊಳ್ಳಿ. ಅಮಾವಾಸ್ಯೆ ಮರುದಿನ, ಹೊತ್ತು ಮಧ್ಯಾಹ್ನ 12. ಹದಿನೈದು ದಿನಕ್ಕೊಮ್ಮೆ ಬರುವ ದೊಡ್ಡ ಭರತಿಗೆ ನೀವು ಕರೆಕ್ಟ್ ಟೈಮಿಗೆ ಹಾಜರ್!

ಹಕ್ಕಿಗಳ ಊಟ ಇರುವುದು ಕೆಸರಿನಲ್ಲಿ. ಹುಳ, ಸಣ್ಣ ಏಡಿ, ಚಿಪ್ಪಿನ ಮರಿ. ಕೆಸರು ನೀರಿನ ಅಡಿ ಹೋದರೆ ತಟ್ಟೆ ಮುಚ್ಚಿದ ಹಾಗೆ. ಆಗ ಅವು ಎಲ್ಲಾದರೂ ಎತ್ತರದ ಬದುವಿನ ಮೇಲೆ, ಉಪ್ಪಿನ ಗದ್ದೆಯ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ನಿದ್ದೆ ಮಾಡುತ್ತವೆ. ನೀವು ಊಟ ಮುಗಿಸಿ ಮಲಗಿದವರ ಮನೆಯ ಬಾಗಿಲು ಬಡಿದಿರಿ.

ನಾನೂ ಇದೇ ಪೆಟ್ಟು ತಿಂದವನು. ಮೊದಲ ಸಲ ರಿಬಂದರ್‌ನಿಂದ ಫೆರ್ರಿ ಹತ್ತಿ ಹೋದಾಗ ಬೆವರು ಸುರಿಸಿಕೊಂಡು ಒಂದು ತಾಸು ನಿಂತೆ. ಆಗ ನಡೆದು ಹೋಗುವವರಿಗೆ ಫೆರ್ರಿಯಲ್ಲಿ ಟಿಕೆಟ್ ಇರಲಿಲ್ಲ. ಕಂಡಕ್ಟರನಾದ ನನಗೆ ಅದೇ ದೊಡ್ಡ ಸೋಜಿಗ. ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದ ಮುದುಕ ನನ್ನ ಬೈನಾಕ್ಯುಲರ್ ನೋಡಿ ನಕ್ಕ. “ಭರತಿ ಆಹೇ, ಸಂಧ್ಯಾಕಾಳೀ ಯಾ” ಅಂದ. ಬೆಳಗಾವಿಯವನಿಗೆ ಅಷ್ಟು ಮರಾಠಿ ತಿಳಿಯದೇ ಇರುತ್ತದೆಯೇ? ಸಂಜೆ ಬಾ ಅಂದಿದ್ದ. ನಾಲ್ಕಕ್ಕೆ ಮತ್ತೆ ಹೋದೆ. ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಬೂದು ಬಣ್ಣದ ಕೆಸರು ಹೊಳೆಯುತ್ತಿತ್ತು. ಅದರ ಮೇಲೆ ನೂರಾರು ಹಕ್ಕಿ ಓಡಾಡುತ್ತಿದ್ದವು. ಬುಟ್ಟಿ ಹೊತ್ತು ಸಂತೆಗೆ ಬಂದವರ ಹಾಗೆ ಗಡಿಬಿಡಿ.

ಮುಂದಿನ ಸಲ ಹೀಗೆ ಮಾಡಿ. ಭರತಿ ಮುಗಿದು ಎರಡು ಮೂರು ತಾಸಾದ ಮೇಲೆ, ನೀರು ಇಳಿಯುತ್ತಿರುವಾಗ ಹೋಗಿ. ನೀವು ಹೋದ ದಿನವೇ ಮೂರರಿಂದ ಐದೂವರೆ ತನಕ ಕಾದಿದ್ದರೆ ಮಾವನವರು ನಗುತ್ತಿರಲಿಲ್ಲ. ಪೂರ್ತಿ ಇಳಿದ ಮೇಲೆ ಹೋದರೆ ಕೆಸರು ಬಹಳ ದೂರ ಚಾಚಿ ಹಕ್ಕಿಗಳೂ ಚುಕ್ಕಿ ಆಗುತ್ತವೆ. ಅದೂ ಅಷ್ಟೇನು ಒಳ್ಳೆಯದಲ್ಲ.

ಹಾಗಂತ ಭರತಿ ಸುಮ್ನೆ ದಂಡ ಅಲ್ಲ. ಒಳಗಿನ ಸಣ್ಣ ಕಾಲುವೆಗಳಿಗೆ ದೋಣಿ ಹೋಗಬೇಕಾದರೆ ನೀರು ಏರಿರಲೇಬೇಕು. ಮಿಂಚುಳ್ಳಿ ನೋಡಬೇಕು ಅಂದರೆ ಅದೇ ದಾರಿ. ತಲೆ ಕಪ್ಪು, ಬೆನ್ನು ನೇರಳೆನೀಲಿ, ಕೊಕ್ಕು ಕೆಂಪು ಇರುವ ಮಿಂಚುಳ್ಳಿಯನ್ನು ನಾನು ಮೊದಲು ಕಂಡಿದ್ದು ಹಾಗೆ ದೋಣಿಯಲ್ಲಿ ಕೂತಾಗಲೇ. ನೀವು ದೋಣಿ ಹತ್ತಿದಿರೋ ಇಲ್ಲವೋ ಬರೆದಿಲ್ಲ.

ಇನ್ನೊಂದು ಮಾತು. ಚೋರಾವ್ ಪಕ್ಷಿಧಾಮ ಅಂದರೆ ಇಡೀ ದ್ವೀಪ ಅಲ್ಲ. ಮಾಂಡೋವಿ ನದಿಗೆ ಅಂಟಿದ ಪಶ್ಚಿಮದ ತುದಿ ಮಾತ್ರ, 178 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಸುಮಾರು 440 ಎಕರೆ. ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ತೀರಿಕೊಂಡದ್ದು 1987ರಲ್ಲಿ, ಮರುವರ್ಷ 1988ರಲ್ಲಿ ಅವರ ಹೆಸರಲ್ಲಿ ಇದು ಘೋಷಣೆ ಆಯಿತು. ಹೆಚ್ಚಿನ ಜಾಗ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು. ಗಿಡದ ಸಂದಿಯಲ್ಲಿ ಕೂತ ಹಕ್ಕಿ ಕಾಣುವುದು ಕಷ್ಟವೇ. ಬಯಲು ಕೆರೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಇದು ಹೊಸದು.

ಪ್ರಶ್ನೆ: ಅಜ್ಜಾ, ಸಮುದ್ರದ ಹಕ್ಕಿ ಉಪ್ಪುನೀರು ಕುಡಿದರೆ ಬಾಯಾರಿಕೆ ಆಗಲ್ವಾ?
– ಐದನೇ ತರಗತಿ ವಿದ್ಯಾರ್ಥಿ, ಇಳಕಲ್

ಉತ್ತರ: ತಮ್ಮಾ, ಈ ಸಲದ ಒಳ್ಳೆಯ ಪ್ರಶ್ನೆ ನಿನ್ನದೇ. ನೀನು ಉಪ್ಪುನೀರು ಕುಡಿದರೆ ಆ ಉಪ್ಪನ್ನು ಹೊರಗೆ ಹಾಕಲು ನಿನ್ನ ಮೂತ್ರಪಿಂಡಕ್ಕೆ ಇನ್ನೂ ಜಾಸ್ತಿ ನೀರು ಬೇಕು. ಅದಕ್ಕೇ ಬಾಯಾರಿಕೆ. ಕಡಲಕಾಗೆಗೆ ಕಣ್ಣಿನ ಮೇಲೆ, ತಲೆಬುರುಡೆಗೆ ಅಂಟಿಕೊಂಡು ಉಪ್ಪು ಸೋಸುವ ಗ್ರಂಥಿ ಇದೆ. ರಕ್ತದ ಹೆಚ್ಚಿನ ಉಪ್ಪನ್ನು ಅದು ಎಳೆದು ಮೂಗಿನಿಂದ ಹನಿ ಹನಿಯಾಗಿ ಬಿಡುತ್ತದೆ. ಕಡಲಕಾಗೆ ತಲೆ ಕೊಡವಿ ಸಿಂಬಳ ಸುರಿಸಿದ ಹಾಗೆ ಕಂಡರೆ ನೆಗಡಿ ಅಲ್ಲ, ಉಪ್ಪು!

ಗಿಡಕ್ಕೂ ಇದೇ ಚಿಂತೆ. ಕಾಂಡ್ಲಾ ಕಾಡಿನ ಕೆಲವು ಗಿಡ ಎಲೆಯಿಂದ ಉಪ್ಪು ಹೊರಹಾಕುತ್ತವೆ. ಬಿಸಿಲಲ್ಲಿ ಎಲೆಯ ಮೇಲೆ ಬಿಳಿ ಪುಡಿ ಕೂತಿರುತ್ತದೆ. ನಾನು ನೆಕ್ಕಿ ನೋಡಿದ್ದೇನೆ. ನೀನು ನೆಕ್ಕುವ ಮೊದಲು ಅವ್ವನನ್ನು ಕೇಳು.

ಪ್ರಶ್ನೆ: ಸರ್, ಕೆಸರಿನಲ್ಲಿ ಓಡಾಡುವ ಬೂದು ಹಕ್ಕಿಗಳೆಲ್ಲ ನನಗೆ ಒಂದೇ ಥರ ಕಾಣುತ್ತವೆ. ಪುಸ್ತಕದಲ್ಲಿ ಅವಕ್ಕೆ ಕೆಂಪು, ಕಂದು ಬಣ್ಣ ಬಳಿದಿದ್ದಾರೆ. ನಾನು ನೋಡಿದ್ದರಲ್ಲಿ ಒಂದೂ ಹಾಗಿಲ್ಲ. ನನ್ನ ಕಣ್ಣು ಸರಿ ಇಲ್ವೋ, ಪುಸ್ತಕ ಸರಿ ಇಲ್ವೋ?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಎರಡೂ ಸರಿ ಇವೆ ತಂಗಿ. ಪುಸ್ತಕದವರು ಮದುವೆ ಬಟ್ಟೆಯ ಚಿತ್ರವನ್ನೂ ಬರೆಯುತ್ತಾರೆ, ಮನೆ ಬಟ್ಟೆಯ ಚಿತ್ರವನ್ನೂ ಬರೆಯುತ್ತಾರೆ. ಇವು ಬೇಸಿಗೆಯಲ್ಲಿ ಉತ್ತರದ ಚಳಿನಾಡುಗಳಿಗೆ ಹೋಗಿ ಮರಿ ಮಾಡುವ ಹಕ್ಕಿಗಳು. ಬಣ್ಣ ಬರುವುದು ಆಗ. ನಮ್ಮ ಕಡೆ ಇರುವ ಚಳಿಗಾಲದಲ್ಲಿ ಬೂದು, ಮಾಸಲು ಕಂದು, ಹೊಟ್ಟೆ ಬಿಳಿ. ನೀನು ‘ಚಳಿಗಾಲ’ ಅಂತ ಬರೆದ ಚಿತ್ರ ನೋಡು. ಏಪ್ರಿಲ್ ಹೊತ್ತಿಗೆ ಹೊರಡುವ ಮೊದಲು ಕೆಲವಕ್ಕೆ ಬಣ್ಣ ಏರಲು ಶುರುವಾಗಿರುತ್ತದೆ. ಅದು ಬಲು ಚೆಂದ.

ಆದರೆ ಬಣ್ಣವನ್ನು ಬಿಟ್ಟುಬಿಡು ಅಂತಲೇ ನಾನು ಹೇಳುವುದು. ದಿನಾ ಬರುವ ಪ್ಯಾಸೆಂಜರನ್ನು ನಾನು ಅಂಗಿ ಬಣ್ಣದಿಂದ ಗುರುತು ಹಿಡಿಯುತ್ತಿರಲಿಲ್ಲ. ಬಸ್ ಹತ್ತುವ ರೀತಿ, ಎಲ್ಲಿ ಕೂಡುತ್ತಾರೆ, ಚಿಲ್ಲರೆ ಹೇಗೆ ಎಣಿಸುತ್ತಾರೆ, ಅಷ್ಟು ಸಾಕು. ಹಕ್ಕಿಗೂ ನಡಿಗೆ ನೋಡು, ಕೊಕ್ಕು ನೋಡು.

ಒಂದು ಹಕ್ಕಿ ನಾಲ್ಕು ಹೆಜ್ಜೆ ಗಬಗಬ ಓಡಿ, ಗಕ್ಕನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡುತ್ತಿದೆಯಾ? ಕೊಕ್ಕು ಗಿಡ್ಡ, ಕಣ್ಣು ದೊಡ್ಡದು ಇದೆಯಾ? ಅದು ಪ್ಲೋವರ್ ಜಾತಿ. ನಮ್ಮ ಹೊಲದ ಟಿಟ್ಟಿಭ ಇದರ ನೆಂಟ, ಅದರ ನಡಿಗೆಯೂ ಹಾಗೇ. ಇವು ಕಣ್ಣಿನಿಂದ ಬೇಟೆ ಆಡುವವು.

ನಿಲ್ಲದೆ, ಹೊಲಿಗೆ ಮಷಿನ್ ಸೂಜಿಯ ಹಾಗೆ ಟಕಟಕ ಕೆಸರು ಚುಚ್ಚುತ್ತಾ ಹೋಗುತ್ತಿದ್ದರೆ ಸ್ಯಾಂಡ್‌ಪೈಪರ್, ಸ್ಟಿಂಟ್ ಕಡೆಯವು. ಇವುಗಳ ಕೊಕ್ಕಿನ ತುದಿಯಲ್ಲಿ ನರಗಳು ತುಂಬಿವೆ. ಕೆಸರಿನ ಒಳಗೆ ಹುಳ ಮಿಸುಕಿದರೂ ತಿಳಿಯುತ್ತದೆ. ನಮ್ಮವ್ವ ಕತ್ತಲಲ್ಲಿ ಡಬ್ಬಿಗೆ ಕೈ ಹಾಕಿ ಬೇಳೆ ಯಾವುದು, ಅಕ್ಕಿ ಯಾವುದು ಹೇಳುತ್ತಿದ್ದಳಲ್ಲ, ಹಾಗೆ. ಸ್ಟಿಂಟ್ ಗುಬ್ಬಿಯಷ್ಟೇ ಇದೆ, ತೂಕವೂ ಗುಬ್ಬಿಯಷ್ಟೇ. ಆದರೆ ಬರುವುದು ಉತ್ತರಧ್ರುವದ ಹತ್ತಿರದ ಬಯಲಿನಿಂದ.

ಕೋಳಿಯಷ್ಟು ದೊಡ್ಡದು, ಕುಡುಗೋಲಿನ ಹಾಗೆ ಕೆಳಗೆ ಬಾಗಿದ ಗೇಣುದ್ದದ ಕೊಕ್ಕು ಇದ್ದರೆ ಕರ್ಲ್ಯೂ. ಆಳದ ಬಿಲದಲ್ಲಿ ಇರುವ ಹುಳ, ಏಡಿ ಅದರ ಪಾಲು. ಕೊಕ್ಕು ಎಷ್ಟು ಉದ್ದವೋ ಊಟ ಅಷ್ಟು ಆಳ. ಹಾಗಾಗಿ ಒಂದೇ ಕೆಸರಿನಲ್ಲಿ ಹತ್ತು ಜಾತಿ ಜಗಳ ಇಲ್ಲದೆ ಉಣ್ಣುತ್ತವೆ. ಒಂದೇ ಬಾವಿಗೆ ಬೇರೆ ಬೇರೆ ಉದ್ದದ ಹಗ್ಗ ಬಿಟ್ಟ ಹಾಗೆ.

ಕಾಲು ಕಿತ್ತಳೆಗೆಂಪು, ನಿನ್ನನ್ನು ಕಂಡ ಕೂಡಲೇ ಟ್ಯೂ–ಹು–ಹು ಅಂತ ಊರೆಲ್ಲ ಎಬ್ಬಿಸಿ ಹಾರುತ್ತದೆ, ಹಾರುವಾಗ ರೆಕ್ಕೆಯ ಹಿಂದಿನ ಅಂಚು ಬೆಳ್ಳಗೆ ಮಿಂಚುತ್ತದೆ. ಇದು ರೆಡ್‌ಶ್ಯಾಂಕ್. ಪ್ರತಿ ಓಣಿಯಲ್ಲೂ ಇಂಥವರು ಒಬ್ಬರು ಇರುತ್ತಾರೆ.

ಇನ್ನೊಂದು ನಿಂತಲ್ಲೇ ಹಿಂಭಾಗ ಮೇಲೆ ಕೆಳಗೆ ಕುಣಿಸುತ್ತದೆ. ಕಾಮನ್ ಸ್ಯಾಂಡ್‌ಪೈಪರ್. ಇದಕ್ಕಾಗಿ ಗೋವಾಕ್ಕೆ ಹೋಗಬೇಡ. ನಿಮ್ಮ ಭೂತನಾಳ ಕೆರೆ ದಂಡೆಯಲ್ಲಿ ಚಳಿಗಾಲದ ಬೆಳಿಗ್ಗೆ ಹುಡುಕು. ಭುಜದ ಹತ್ತಿರ ಎದೆಯ ಬಿಳುಪು ಸ್ವಲ್ಪ ಮೇಲಕ್ಕೆ ಹತ್ತಿರುತ್ತದೆ, ಅದೇ ಗುರುತು. ಮೊದಲು ಇದೊಂದನ್ನು ಎರಡು ತಿಂಗಳು ನೋಡು. ಉಳಿದವು ‘ಇದರ ಹಾಗಿಲ್ಲ’ ಅಂತ ಆಮೇಲೆ ತಾವೇ ಬೇರೆ ಬೇರೆ ಆಗುತ್ತವೆ. ನನಗೆ ಅಷ್ಟಾಗಲು ಮೂರು ಚಳಿಗಾಲ ಹಿಡಿಯಿತು. ಕೆಲವು ಪ್ಲೋವರ್‌ಗಳ ವಿಷಯದಲ್ಲಿ ಈಗಲೂ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬರುತ್ತೇನೆ.

ಪ್ರಶ್ನೆ: ಮಗ ಹಕ್ಕಿ ನೋಡಲು 20 ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಬೇಕು ಅಂತ ಹಟ ಹಿಡಿದಿದ್ದಾನೆ. ಕೊಡಿಸಬಹುದೇ?
– ಕಿರಾಣಿ ವ್ಯಾಪಾರಿ, ಗೋಕಾಕ

ಉತ್ತರ: ಬೇಡ. 8×42 ಅಂತ ಬರೆದದ್ದು ಕೊಡಿಸಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಪಟ್ಟು ಜಾಸ್ತಿ ಆದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಜಾಸ್ತಿ ಕಾಣುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ, ಹಕ್ಕಿ ಸಿಗುವಷ್ಟರಲ್ಲಿ ಹಾರಿಹೋಗಿರುತ್ತದೆ. 20 ಪಟ್ಟಿನದಕ್ಕೆ ಸ್ಟ್ಯಾಂಡ್ ಬೇಕೇ ಬೇಕು. ಜಾತ್ರೆ ಅಂಗಡಿಯಲ್ಲಿ ‘ನೂರು ಪಟ್ಟು’ ಅಂತ ಮಾರುವುದನ್ನು ನಾನೂ ತಗೊಂಡಿದ್ದೆ. ಅದರಲ್ಲಿ ಚಂದ್ರ ಎರಡು ಕಾಣುತ್ತಿದ್ದ.

ಪ್ರಶ್ನೆ: ಚೋರಾವದಲ್ಲಿ ಮೊಸಳೆ ಇವೆಯಂತೆ, ನಿಜವೇ?
– ಅಥಣಿಯ ಓದುಗರು

ಉತ್ತರ: ಆ ನೀರಿನಲ್ಲಿ ಇವೆ. ಪಕ್ಕದ ಕುಂಭಾರಜುವೆ ಕಾಲುವೆಯಲ್ಲಿ ಜಾಸ್ತಿ. ನಿಮ್ಮ ಕೃಷ್ಣೆಯಲ್ಲಿ ಇರುವ ಜಾತಿಯೇ. ದೋಣಿಯಿಂದ ಕೈ ಕಾಲು ಇಳಿಬಿಡಬೇಡಿ, ಅಷ್ಟೇ.

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರಿನ ದಂಡೆಯ ಊರು. ಅರ್ಧ ಹೊಲ ಮುಳುಗಡೆಯಲ್ಲಿ ಹೋಯಿತು. ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಉದ್ದ ಕಾಲಿನ ಗುಲಾಬಿ ಹಕ್ಕಿಗಳು ಬಂದು ಅಲ್ಲೇ ನಿಲ್ಲುತ್ತವೆ. ಫೋಟೋದವರು ಬಂದು ‘ರಾಜಹಂಸ, ಸಮುದ್ರದ ಹಕ್ಕಿ’ ಅಂದರು. ಸಮುದ್ರ ಬಿಟ್ಟು ನಮ್ಮ ಹೊಲಕ್ಕೆ ಯಾಕೆ ಬಂದಾವು? ನೀರು ಇಳಿದ ಮೇಲೆ ನಾವು ಬಿತ್ತಿದ್ದನ್ನು ತಿನ್ನುತ್ತವೆಯೇ?
– ರೈತರು, ಬೀಳಗಿ ತಾಲ್ಲೂಕು

ಉತ್ತರ: ಅಣ್ಣಾವ್ರೇ, ಅವು ಸಮುದ್ರದ ಹಕ್ಕಿ ಅನ್ನುವುದಕ್ಕಿಂತ ತೆಳ್ಳಗಿನ ನೀರಿನ ಹಕ್ಕಿ ಅನ್ನಿ. ಮೊಣಕಾಲು ಮಟ್ಟದ ನೀರು, ಕೆಳಗೆ ಮೆತ್ತಗಿನ ಕೆಸರು, ಸುತ್ತ ಬಯಲು. ಇಷ್ಟಿದ್ದರೆ ಉಪ್ಪಾದರೂ ಸರಿ, ಸಿಹಿಯಾದರೂ ಸರಿ. ಫ್ಲೆಮಿಂಗೋ ಅಂತ ಇಂಗ್ಲಿಷಿನಲ್ಲಿ ಹೆಸರು. ನಮ್ಮ ದೇಶದಲ್ಲಿ ಇವು ಮರಿ ಮಾಡುವ ದೊಡ್ಡ ಜಾಗ ಗುಜರಾತಿನ ಕಚ್ಛದ ರಣ. 1945ರಲ್ಲಿ ಸಲೀಂ ಅಲಿ ಅಲ್ಲಿಗೆ ಹೋಗಿ ಲೆಕ್ಕ ಹಾಕಿದಾಗ ಸುಮಾರು ಐದು ಲಕ್ಷ ಹಕ್ಕಿ ಇದ್ದವಂತೆ.

ನಿಮ್ಮಲ್ಲಿಗೆ ಯಾಕೆ ಬರುತ್ತವೆ ಅನ್ನುವುದಕ್ಕೆ ಉತ್ತರ ಮೇಲೆ ಬಾಗಲಕೋಟೆ ಮಾಸ್ತರರಿಗೆ ಬರೆದದ್ದರಲ್ಲೇ ಇದೆ. ಗೋವಾದಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ನಿಮ್ಮ ಹಿನ್ನೀರಿನಲ್ಲಿ ವರ್ಷಕ್ಕೆ ಒಂದೇ ಸಲ. ಮಳೆಗಾಲದಲ್ಲಿ ಮಹಾರಾಷ್ಟ್ರದ ನೀರು ಬಂದು ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬುತ್ತದೆ. ಅದು ಭರತಿ. ಆಮೇಲೆ ಕಾಲುವೆಗೆ, ಕೆಳಗಿನ ನಾರಾಯಣಪುರ ಅಣೆಕಟ್ಟಿಗೆ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ತಳ ಕಾಣುತ್ತದೆ. ಅದು ಇಳಿತ. ಆರು ತಾಸಿನ ಕೆಲಸಕ್ಕೆ ಇಲ್ಲಿ ಎಂಟು ತಿಂಗಳು. ತುಂಬಿದಾಗ ಈ ಹಕ್ಕಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಜನವರಿ ದಾಟಿ ನಿಮ್ಮ ಹಳೇ ಹೊಲದ ಮೇಲಿನ ನೀರು ಮೊಣಕಾಲಿಗೆ ಇಳಿದಾಗ ತಟ್ಟೆ ತೆರೆಯುತ್ತದೆ. ಚೋರಾವದ ಮುದುಕ ಹೇಳಿದ್ದು ನಿಮ್ಮೂರಿಗೂ ಅನ್ವಯಿಸುತ್ತದೆ ಅಂತ ನನಗೆ ಹೊಳೆದದ್ದು ರಿಟೈರ್ ಆದ ಮೇಲೆ, ಒಂದು ಮಾರ್ಚ್ ತಿಂಗಳು ಬಾಗಲಕೋಟೆಯ ನೆಂಟರ ಮನೆಗೆ ಬಂದಾಗ.

ಬಿತ್ತಿದ್ದನ್ನು ತಿನ್ನುತ್ತವೆಯೇ? ಫ್ಲೆಮಿಂಗೋ ತಿನ್ನುವುದಿಲ್ಲ. ಅದರ ಕೊಕ್ಕು ನೋಡಿ, ನಡುವೆ ಮುರಿದ ಹಾಗೆ ಬಾಗಿದೆ. ತಲೆ ತಲೆಕೆಳಗು ಮಾಡಿ ನೀರಿಗೆ ಇಳಿಸಿ, ನಾಲಿಗೆಯನ್ನು ಪಂಪಿನ ಹಾಗೆ ಆಡಿಸಿ, ಕೆಸರು ನೀರು ಎಳೆದು ಸೋಸುತ್ತದೆ. ಕೊಕ್ಕಿನ ಒಳಗೆ ಜರಡಿ ಇದೆ. ಪಾಚಿ, ಹುಳ, ಸಣ್ಣ ಸೀಗಡಿ ಒಳಗೆ, ನೀರು ಹೊರಗೆ. ಆ ಊಟದಲ್ಲಿರುವ ಬಣ್ಣವೇ ರೆಕ್ಕೆಗೆ ಏರುವುದು. ಗಜ್ಜರಿಯ ಕೆಂಪಿಗೂ ಅದೇ ಜಾತಿಯ ಬಣ್ಣ ಕಾರಣ. ಮರಿ ಬೂದು ಇರುತ್ತದೆ, ಗುಲಾಬಿ ಆಗಲು ಒಂದೆರಡು ವರ್ಷಕ್ಕಿಂತ ಜಾಸ್ತಿ ಬೇಕು. ನಿಮ್ಮಲ್ಲಿ ಬೆಳ್ಳಗೆ, ಮಾಸಲು ಕಾಣುವವು ರೋಗದವಲ್ಲ, ಹುಡುಗರು.

ಆದರೆ ತಲೆಯ ಹಿಂದೆ ಎರಡು ಕಪ್ಪು ಗೀರು ಇರುವ ಬೂದು ಹೆಬ್ಬಾತು ಬಂದರೆ ನಾನು ಜಾಮೀನು ಕೊಡುವುದಿಲ್ಲ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ, ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಯಂತ್ರ ಕಟ್ಟಿ ಅಳೆದ ದಾಖಲೆ ಇದೆ. ಎಲ್ಲರೂ ಅದನ್ನು ಹೊಗಳುತ್ತಾರೆ. ಆದರೆ ಅದು ರಾತ್ರಿ ಹೊಲಕ್ಕೆ ಇಳಿದು ಎಳೇ ಪೈರು, ಕಡಲೆ, ಶೇಂಗಾ ಮೇಯುತ್ತದೆ ಅನ್ನುವುದನ್ನು ಹೊಗಳುವವರು ಹೇಳುವುದಿಲ್ಲ. ಹೊಲ ನಿಮ್ಮದು, ನಷ್ಟವೂ ನಿಮ್ಮದು. ಡಬ್ಬಿ ಬಡಿದು ಎಬ್ಬಿಸಿ, ತಪ್ಪಿಲ್ಲ. ವಿಷ ಮಾತ್ರ ಇಡಬೇಡಿ.

ಒಂದು ಕೋರಿಕೆ. ಮಾರ್ಚ್ ಆದ ಮೇಲೆ ನೀರಿನ ನಡುವೆ ಎದ್ದ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು (ಇಂಗ್ಲಿಷಿನಲ್ಲಿ ಟರ್ನ್) ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಮಣ್ಣಿನ ಬಣ್ಣದ ಮೊಟ್ಟೆ. ಕಾಲ ಕೆಳಗೆ ಬಂದರೂ ತಿಳಿಯುವುದಿಲ್ಲ. ಕುರಿ, ನಾಯಿ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಫೋಟೋದವರಿಗೂ ಇದನ್ನೇ ಹೇಳಿ. ನನ್ನ ಮಾತಿಗಿಂತ ಹೊಲದವರ ಮಾತಿಗೆ ಅವರು ಹೆದರುತ್ತಾರೆ.

ಪ್ರಶ್ನೆ: ಗೋವಾ ಯಾಕೆ, ನಮ್ಮ ಕರ್ನಾಟಕದಲ್ಲಿ ಇಂಥ ಜಾಗ ಇಲ್ಲವೇ?
– ನಿವೃತ್ತ ಬ್ಯಾಂಕ್ ನೌಕರರು, ಚಿಕ್ಕೋಡಿ

ಉತ್ತರ: ಇದೆ ಸಾಹೇಬ್ರೇ. ಬೆಳಗಾವಿಯಿಂದ ನನ್ನ ಬಸ್ಸು ಆ ಕಡೆ ಹೋಗುತ್ತಿತ್ತು, ಅದಕ್ಕೇ ಬಾಯಿಗೆ ಗೋವಾ ಮೊದಲು ಬರುತ್ತದೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆ ನೋಡಿ. ಅದು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿ ಅದು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಸಲ ಸೇರಿತು, ಅಲ್ಲಿಗೆ ಮೇಲೆ ಹೇಳಿದ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ.

ಅಘನಾಶಿನಿಯಲ್ಲಿ ನನಗೆ ಹಿಡಿಸಿದ್ದು ಹಕ್ಕಿಗಿಂತ ಮನುಷ್ಯರು. ನೀರು ಇಳಿದ ಕೂಡಲೇ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಅದೇ ಕೆಸರಿಗೆ ಇಳಿದು ಚಿಪ್ಪಿ ಆರಿಸುತ್ತಾರೆ. ಹತ್ತು ಮಾರು ಆಚೆ ಬೆಳ್ಳಕ್ಕಿ, ಕರ್ಲ್ಯೂ ತಮ್ಮ ಪಾಡಿಗೆ ಕುಕ್ಕುತ್ತಿರುತ್ತವೆ. ಎರಡು ಗುಂಪಿಗೂ ಒಂದೇ ಶಿಫ್ಟ್. ದಂಡೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ. ಅಲ್ಲಿ ಕಗ್ಗ ಅನ್ನುವ ಉಪ್ಪು ತಡೆಯುವ ಭತ್ತ ಬೆಳೆಯುತ್ತಾರೆ. ಅನ್ನ ಕೆಂಪಗೆ, ಹೊಟ್ಟೆಗೆ ಗಟ್ಟಿ. ನಮ್ಮ ಜೋಳದ ರೊಟ್ಟಿಯ ಜಾತಿಯೇ ಅನ್ನಿ.

ಒಂದು ತಿದ್ದುಪಡಿ

ಡಿಸೆಂಬರ್ ಸಂಚಿಕೆಯಲ್ಲಿ ‘ಉಪ್ಪಿನ ಗದ್ದೆಯಲ್ಲಿ ಕಪ್ಪು ಬೆಳ್ಳಕ್ಕಿ ಕಂಡರೆ ಅದು ರೀಫ್ ಬೆಳ್ಳಕ್ಕಿ, ಬಿಳಿ ಇದ್ದರೆ ಅಲ್ಲ’ ಅಂತ ಬರೆದಿದ್ದೆ. ನಿಪ್ಪಾಣಿಯ ಓದುಗರೊಬ್ಬರು ಹಿಡಿದರು. ರೀಫ್ ಬೆಳ್ಳಕ್ಕಿ ಬೂದುಗಪ್ಪೂ ಇರುತ್ತದೆ, ಪೂರ್ತಿ ಬಿಳಿಯೂ ಇರುತ್ತದೆ. ಬಿಳಿಯದನ್ನು ಕೊಕ್ಕಿನಿಂದ ಬಿಡಿಸಬೇಕು. ನಮ್ಮೂರಿನ ಸಣ್ಣ ಬೆಳ್ಳಕ್ಕಿಯ ಕೊಕ್ಕು ತೆಳ್ಳಗೆ, ಕಪ್ಪಗೆ. ರೀಫ್‌ನದು ದಪ್ಪ, ಕಂದುಹಳದಿ. ಗೊತ್ತಿದ್ದೂ ತಪ್ಪು ಬರೆದೆ. ಕ್ಷಮೆ ಇರಲಿ.

ಪ್ರಶ್ನೆ: ನನಗೆ 58 ವರ್ಷ. ಮೊಣಕಾಲು ನೋವು. ಕೆಸರಿನಲ್ಲಿ ನಡೆಯಲು, ದೋಣಿ ಹತ್ತಲು ಆಗುವುದಿಲ್ಲ. ಮನೆಯವರಿಗೆ ಇದರಲ್ಲಿ ಆಸಕ್ತಿ ಇಲ್ಲ. ಒಬ್ಬಳೇ ಹೋಗಿ ಒಂದು ದಿನದಲ್ಲಿ ನೋಡಿಬರುವ ಹಾಗೆ ಏನಾದರೂ ಇದೆಯಾ?
– ಗೃಹಿಣಿ, ಅನಗೋಳ, ಬೆಳಗಾವಿ

ಉತ್ತರ: ಇದೆ ಅಕ್ಕಾವ್ರೇ, ಅದೂ ಕೂತಲ್ಲೇ. ಮೊದಲು ಕಾಸಿಲ್ಲದ್ದು ಹೇಳುತ್ತೇನೆ. ಗೋಕಾಕ ತಾಲ್ಲೂಕಿನ ಧುಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮ ಇದೆ, 1974ರಿಂದ. ಚಳಿಗಾಲದಲ್ಲಿ ಬೂದು ಮೈ, ಕಪ್ಪು ಕತ್ತಿನ ಕರ್ಕರೆ ಕೊಕ್ಕರೆ ಬರುವ ಜಾಗ. ಶಕ್ತಿ ಟಿಕೆಟ್‌ನಲ್ಲಿ ಹೋಗಿ ಬರಬಹುದು.

ಉಪ್ಪುನೀರಿನ ಹಕ್ಕಿಯೇ ಬೇಕು ಅಂದರೆ ಪಣಜಿ ಬಸ್ಸು ಹತ್ತಿ. ರಾಜ್ಯದ ಆಚೆಗೆ ಶಕ್ತಿ ನಡೆಯುವುದಿಲ್ಲ, ಟಿಕೆಟ್ ತೆಗೆಸಬೇಕು. ಚೋರ್ಲಾ ಘಾಟಿನ ದಾರಿಯದಾದರೆ ಜಾಂಬೋಟಿ, ಕಣಕುಂಬಿ ದಾಟುವಾಗ ಕಾಡೂ ಸಿಗುತ್ತದೆ. ತಿರುವು ಜಾಸ್ತಿ. ಹೊಟ್ಟೆ ತೊಳಸುವವರು ನಡುವಿನ ಸೀಟು ಹಿಡಿಯಬೇಕು, ಹಿಂದಿನದಲ್ಲ. ಪಣಜಿಯಲ್ಲಿ ಇಳಿದರೆ ಸ್ಟ್ಯಾಂಡಿನ ಪಕ್ಕದಲ್ಲೇ ಹಳ್ಳ, ಅದರ ದಂಡೆಗೆ ಕಾಂಡ್ಲಾ ಗಿಡ. ನಾನು ಶುರು ಮಾಡಿದ ಜಾಗ. ಫುಟ್‌ಪಾತಿನಲ್ಲಿ ನಿಂತರೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಮೇಲೆ ಸುತ್ತುವ ಗರುಡ, ಕೆಸರಿನಲ್ಲಿ ತೆವಳುವ ಮೀನು. ಹೌದು, ತೆವಳುವ ಮೀನೇ. ನೀರು ಇಳಿದಾಗ ರೆಕ್ಕೆ ಊರಿ ಕೆಸರಿನ ಮೇಲೆ ಜಿಗಿಯುತ್ತದೆ.

ಆಮೇಲೆ ಅಲ್ಲಿಂದಲೇ ಹಳೇ ಗೋವಾ ಕಡೆ ಹೋಗುವ ಲೋಕಲ್ ಬಸ್ಸು ಹತ್ತಿ. ಪಣಜಿಯಿಂದ ರಿಬಂದರ್ ತನಕ ಪೋರ್ಚುಗೀಸರು 1630ರ ದಶಕದಲ್ಲಿ ಜೌಗಿನ ಮೇಲೆ ಕಟ್ಟಿದ ಸುಮಾರು ಮೂರು ಕಿಲೋಮೀಟರ್ ದಾರಿ ಇದೆ. ಒಂದು ಕಡೆ ಮಾಂಡೋವಿ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆ, ಕಾಂಡ್ಲಾ. ಭರತಿ ಏರಿ ಚೋರಾವದ ಕೆಸರು ಮುಳುಗಿದಾಗ ಮಲಗಲು ಜಾಗ ಹುಡುಕುವ ಹಕ್ಕಿಗಳು ಇಂಥ ಗದ್ದೆಯ ಬದುವಿಗೆ ಬರುತ್ತವೆ. ಹಾಗಾಗಿ ನಿಮಗೆ ಮಾತ್ರ ಮಾಸ್ತರರಿಗೆ ಹೇಳಿದ್ದರ ಉಲ್ಟಾ ಹೇಳುತ್ತೇನೆ: ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿ, ಮಧ್ಯಾಹ್ನ 12ಕ್ಕೇ ಹೋಗಿ. ಬೆಳಗಾವಿಯಿಂದ ಬೆಳಗಿನ ಬಸ್ಸು ಹಿಡಿದರೆ ಅಷ್ಟೊತ್ತಿಗೆ ಮುಟ್ಟಲು ಸಮಯ ಸಾಕು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಬರುವಾಗ ಎಡಗಡೆ.